ಉಸಿರೂ ಮಾತಾಡುವ ನಾಟಕ: ಜಪಾನಿನ ಬಿಎಲ್ ಸಿಡಿಗಳಲ್ಲಿ ದನಿಯ ಕೆಲಸ

ಜಪಾನಿ ಭಾಷೆಯಲ್ಲಿ 'ಹೈ' ಎಂಬ ಪುಟ್ಟ ಪದವಿದೆ. ಹೌದು ಎನ್ನುವುದಕ್ಕೂ ಅದೇ, ಅಪ್ಪಣೆ ಎನ್ನುವುದಕ್ಕೂ ಅದೇ, ಎದುರಿನವರ ಮಾತು ಕಿವಿಗೆ ಬಿತ್ತೆಂದು ಹೂಂಗುಟ್ಟುವುದಕ್ಕೂ ಅದೇ. ಯೊನೆದಾ ಕೋ ಅವರ 'ಸಾಎಜುರು ತೋರಿ ವಾ ಹಬತಾಕನಾಯ್' ಎಂಬ ಮಾಂಗಾವನ್ನು, ಅಂದರೆ ಜಪಾನಿ ಚಿತ್ರಕಥೆಯನ್ನು, ಆಧರಿಸಿದ ಧ್ವನಿನಾಟಕದಲ್ಲಿ ದೋಮೆಕಿ ಎಂಬ ಪಾತ್ರವಿದೆ. ಹಿಂದೆ ಪೊಲೀಸನಾಗಿದ್ದು ಈಗ ಯಾಶಿರೋ ಎಂಬ ಯಾಕುಜಾ (ಜಪಾನಿನ ಪಾತಕಿ ಗುಂಪಿನ) ನಾಯಕನ ಅಂಗರಕ್ಷಕನಾಗಿರುವ ಈತ ಮಿತಭಾಷಿ. ಯಜಮಾನ ಕೇಳಿದರೂ ಕೆಣಕಿದರೂ ಚುಚ್ಚಿದರೂ ಅವನ ಬಾಯಿಂದ ಬರುವುದು ಬಹುಮಟ್ಟಿಗೆ ಇಂಥ ಚುಟುಕು, ವಿನಯದ ಉತ್ತರಗಳೇ. ಪುಸ್ತಕದಲ್ಲಾದರೆ ಆ ಉತ್ತರದ ಪಕ್ಕದಲ್ಲಿ ಅವನ ಕಣ್ಣು ಕಾಣುತ್ತದೆ, ಬಿಗಿಹಿಡಿದ ಮುಷ್ಟಿ ಕಾಣುತ್ತದೆ. ಸಿಡಿಯಲ್ಲಿ ಆ ಆಸರೆ ಯಾವುದೂ ಇಲ್ಲ. ಆ ಪಾತ್ರಕ್ಕೆ ದನಿ ಕೊಟ್ಟ ಹತಾನೊ ವತಾರು ಅವರಿಗೆ ಸಿಗುವುದು ಒಂದು ಉಸಿರಿನಷ್ಟು ಜಾಗ. ಆ ಜಾಗದಲ್ಲೇ ಒಂದು ಉತ್ತರ ವಿಧೇಯತೆಯಾಗಿ, ಇನ್ನೊಂದು ನುಂಗಿಕೊಂಡ ಸಿಟ್ಟಾಗಿ, ಮತ್ತೊಂದು ಹೇಳಲು ಅಧಿಕಾರವಿಲ್ಲದ ಪ್ರೀತಿಯಾಗಿ ಕೇಳಿಸಬೇಕು. ಹಾಗೆ ಕೇಳಿಸುತ್ತದೆ ಕೂಡ. ಭಾಷೆ ಬಾರದ ಕಿವಿಗೂ ವ್ಯತ್ಯಾಸ ತಿಳಿಯುತ್ತದೆ.

ಗಂಡಸರ ನಡುವಿನ ಪ್ರೇಮವನ್ನು ಹೇಳುವ ಜಪಾನಿನ ಬಿಎಲ್ ಧ್ವನಿನಾಟಕಗಳ ಸೆಳೆತ ಏನೆಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ 'ಗಂಡು ದನಿಯ ಮಾಧುರ್ಯ' ಎಂಬುದು. ಆ ಉತ್ತರ ಸುಳ್ಳಲ್ಲ, ಆದರೆ ಅದು ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಇಂಪಾದ ದನಿಗಳು ಅನಿಮೆ ಎಂಬ ಜಪಾನಿ ಅನಿಮೇಶನ್ ಚಿತ್ರಗಳಲ್ಲಿವೆ, ಆಟಗಳಲ್ಲಿವೆ, ಜಾಹೀರಾತುಗಳಲ್ಲಿವೆ. ಅದೇ ನಟರು, ಅದೇ ಕಂಠ ಇಲ್ಲಿಗೆ ಬಂದಾಗ ಬೇರೆಯದೇ ಆಗಿ ಕೇಳಿಸುವುದಕ್ಕೆ ಕಾರಣ ಈ ಪ್ರಕಾರದ ಕಟ್ಟುಪಾಡಿನಲ್ಲಿದೆ: ಚಿತ್ರವಿಲ್ಲದ, ಕಥೆಗಾರನಿಲ್ಲದ, ಹೆಚ್ಚುಕಡಿಮೆ ಇಬ್ಬರೇ ಮಾತಾಡುವ, ಆ ಇಬ್ಬರೂ ಮುಖ್ಯವಾದುದನ್ನು ಬಾಯಿಬಿಟ್ಟು ಹೇಳಲಾರದ ಒಂದು ನಾಟಕ ಇದು. ಇಲ್ಲಿ ನಟನೆ ನಡೆಯುವುದು ಮಾತಿಗಿಂತ ಹೆಚ್ಚಾಗಿ ಮಾತಿನ ಅಂಚಿನಲ್ಲಿ, ಅಂದರೆ ಉಸಿರಿನಲ್ಲಿ, ತಡವರಿಕೆಯಲ್ಲಿ, ಸುಮ್ಮನಿರುವಿಕೆಯಲ್ಲಿ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬಾಯ್ಸ್ ಲವ್, ಅಂದರೆ ಬಿಎಲ್, ಗಂಡುಹುಡುಗರ ಅಥವಾ ಗಂಡಸರ ನಡುವಿನ ಪ್ರೇಮವನ್ನು ಹೇಳುವ, ಬಹುಪಾಲು ಹೆಣ್ಣುಮಕ್ಕಳೇ ಬರೆದು ಹೆಣ್ಣುಮಕ್ಕಳೇ ಓದುವ ಜಪಾನಿ ಸಾಹಿತ್ಯಪ್ರಕಾರ. ಅದರ ಬೇರು 1970ರ ದಶಕದ ಹುಡುಗಿಯರ ಮಾಂಗಾ ಪತ್ರಿಕೆಗಳಲ್ಲಿದೆ. ಹಗಿಯೊ ಮೊತೊ ಅವರ 'ತೋಮಾ ನೊ ಶಿಂಜೋ' 1974ರಲ್ಲಿ, ತಾಕೆಮಿಯಾ ಕೇಯ್ಕೊ ಅವರ 'ಕಾಜೆ ತೊ ಕಿ ನೊ ಉತಾ' 1976ರಲ್ಲಿ ಧಾರಾವಾಹಿಯಾಗಿ ಆರಂಭವಾದವು. 1978ರಲ್ಲಿ ಇಂಥ ಬರಹಕ್ಕೇ ಮೀಸಲಾದ ಪತ್ರಿಕೆ ಹುಟ್ಟಿತು; ಅದು 'ಜುನೆ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಈ ಕಥೆಗಳು ದನಿ ಪಡೆದದ್ದು 1980ರ ದಶಕದ ಕೊನೆಗೆ, ಕ್ಯಾಸೆಟ್‌ಗಳಲ್ಲಿ. ಆಮೇಲೆ ಸಿಡಿ ಬಂತು, 1990ರ ದಶಕದಲ್ಲಿ ಬಿಎಲ್ ಪ್ರಕಾಶನವೇ ಒಂದು ಉದ್ಯಮವಾಗಿ ಬೆಳೆಯಿತು, ಮೂವಿಕ್, ಮರೀನ್ ಎಂಟರ್‌ಟೇನ್‌ಮೆಂಟ್, ಫ್ರಾಂಟಿಯರ್ ವರ್ಕ್ಸ್‌ನಂಥ ಕಂಪನಿಗಳು ಧ್ವನಿನಾಟಕಗಳನ್ನು ಹೊರತಂದವು, ಪ್ರಕಾಶಕರಾದ ಲಿಬ್ರೆಯವರು ತಮ್ಮದೇ ಧ್ವನಿ ಲೇಬಲ್ ನಡೆಸಿದರು. ಬಿಎಲ್ ಮಾಂಗಾಗಳಲ್ಲಿ ಅನಿಮೆಯಾಗುವ ಭಾಗ್ಯ ಕೆಲವಕ್ಕೆ ಮಾತ್ರ. ಉಳಿದವು ಪುಟದಿಂದೆದ್ದು ಬರುವ ದಾರಿಯೆಂದರೆ ಧ್ವನಿನಾಟಕವೇ ಆಗಿತ್ತು, ಈಗಲೂ ಬಹಳಷ್ಟು ಮಟ್ಟಿಗೆ ಹಾಗೆಯೇ ಇದೆ.

ಇನ್ನು ನಟನೆಯ ವಿಷಯ. ಅನಿಮೆಗೆ ದನಿ ಕೊಡುವ ಕೆಲಸದಲ್ಲಿ ಚಿತ್ರ ಮೊದಲೇ ನಿರ್ಧಾರವಾಗಿರುತ್ತದೆ. ಪಾತ್ರದ ಬಾಯಿ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟೇ ಹೊತ್ತಿನಲ್ಲಿ ಮಾತು ಮುಗಿಯಬೇಕು. ಅಳು ಎರಡು ಸೆಕೆಂಡಿನದಾದರೆ ಅಳುವೂ ಎರಡೇ ಸೆಕೆಂಡು. ಜಪಾನಿನಲ್ಲಿ ಸೇಯೂ ಎಂದು ಕರೆಯಲಾಗುವ ಧ್ವನಿನಟರು ಈ ಶಿಸ್ತಿನಲ್ಲೇ ಪಳಗಿದವರು. ಧ್ವನಿನಾಟಕದ ಕೊಠಡಿಗೆ ಬಂದಾಗ ಆ ಪರದೆ ಇರುವುದಿಲ್ಲ. ಕೈಯಲ್ಲಿ ಹಸ್ತಪ್ರತಿ, ಎದುರಿಗೆ ಮೈಕು, ಪಕ್ಕದಲ್ಲಿ ಸಹನಟ, ಅಷ್ಟೆ. ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಈಗ ನಟರೇ ನಿರ್ದೇಶಕರ ಜೊತೆಗೂಡಿ ತೀರ್ಮಾನಿಸುತ್ತಾರೆ. ಆ ನಡುವಿನ ಜಾಗವನ್ನು ಜಪಾನಿಗಳು 'ಮಾ' ಎನ್ನುತ್ತಾರೆ. ಸಂಗೀತದಲ್ಲೂ ನಾಟಕದಲ್ಲೂ ಮನೆ ಕಟ್ಟುವುದರಲ್ಲೂ ಅವರು ಬಳಸುವ ಮಾತದು. ಎರಡು ವಸ್ತುಗಳ ನಡುವಿನ ತೆರವು ಕೂಡ ಒಂದು ವಸ್ತುವೇ ಎಂಬ ಭಾವನೆ ಅದರ ಹಿಂದಿದೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಕೇಳುತ್ತಾನೆ: ನಿನಗೆ ನಾನು ಬೇಡವೇ? ಉತ್ತರ ತಕ್ಷಣ 'ಬೇಡ' ಎಂದು ಬಂದರೆ ಅದು ಸಿಟ್ಟು. ಅರ್ಧ ಸೆಕೆಂಡು ಬಿಟ್ಟು ಬಂದರೆ ಅದು ಸುಳ್ಳು. ಎರಡು ಸೆಕೆಂಡು ಸುಮ್ಮನಿದ್ದು, ಆ ಮೌನದೊಳಗೆ ಗಂಟಲು ಒಮ್ಮೆ ಎಂಜಲು ನುಂಗಿದ ಸದ್ದು ಕೇಳಿಸಿ, ಆಮೇಲೆ 'ಬೇಡ' ಎಂದರೆ ಅದು ತಪ್ಪೊಪ್ಪಿಗೆ. ಪದ ಒಂದೇ, ಹಸ್ತಪ್ರತಿಯಲ್ಲಿರುವ ಅಕ್ಷರಗಳೂ ಅವೇ. ಕೇಳುಗಳು ಮೂರನ್ನೂ ಮೂರು ಬೇರೆ ಕಥೆಗಳಾಗಿ ಕೇಳಿಸಿಕೊಳ್ಳುತ್ತಾಳೆ. ಕಣ್ಣಿಗೆ ಕೆಲಸವಿಲ್ಲದಾಗ ಕಿವಿ ಇಷ್ಟು ಸೂಕ್ಷ್ಮವಾಗಿಬಿಡುತ್ತದೆ ಎಂಬುದನ್ನು ಈ ನಾಟಕಗಳನ್ನು ಇಯರ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೇಳುವ ತನಕ ನಾನೂ ನಂಬಿರಲಿಲ್ಲ.

ಮಾತನ್ನೇ ನೆಚ್ಚಿದ ನಾಟಕ ಕನ್ನಡಿಗರಿಗೆ ಹೊಸದಲ್ಲ. ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಕರಾವಳಿ ಮಲೆನಾಡಿನವರಿಗೆ ವೇಷವೂ ಕುಣಿತವೂ ಇಲ್ಲದೆ ಅರ್ಥಧಾರಿಗಳ ಮಾತಿನಲ್ಲೇ ಇಡೀ ಪ್ರಸಂಗ ನಿಲ್ಲುವ ತಾಳಮದ್ದಲೆ ಗೊತ್ತು. ಆದರೆ ತಾಳಮದ್ದಲೆಯ ಸುಖ ಮಾತಿನ ಸಮೃದ್ಧಿಯಲ್ಲಿದೆ, ವಾದಕ್ಕೆ ಪ್ರತಿವಾದ ಹೂಡುವ ಚಾತುರ್ಯದಲ್ಲಿದೆ. ಬಿಎಲ್ ಧ್ವನಿನಾಟಕದ ಸುಖ ಅದರ ತದ್ವಿರುದ್ಧ ದಿಕ್ಕಿನದು: ಮಾತು ಸೋಲುವ ಗಳಿಗೆಗಾಗಿ ಕೇಳುಗರು ಕಾಯುತ್ತಾರೆ.

ಮಾಂಗಾವನ್ನು ದನಿಗೆ ಇಳಿಸುವಾಗ ಮೊದಲು ಎದುರಾಗುವ ತೊಡಕು, ಚಿತ್ರದಲ್ಲಿದ್ದುದನ್ನೆಲ್ಲ ಎಲ್ಲಿಗೆ ಕೊಂಡೊಯ್ಯುವುದು ಎಂಬುದು. ಸುಮಾರು 200 ಪುಟಗಳ ಒಂದು ಸಂಪುಟ 74 ಅಥವಾ 80 ನಿಮಿಷಗಳ ಒಂದು ಸಿಡಿಯಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಎರಡು ಸಿಡಿ ಆಗುತ್ತದೆ, ಬೆಲೆಯೂ ಏರುತ್ತದೆ. ಬಾಗಿಲಿನ ಸದ್ದು, ಮಳೆ, ರೈಲು, ಬಟ್ಟೆಯ ಸರಸರ ಇವೆಲ್ಲ ಧ್ವನಿಪರಿಣಾಮಗಳಾಗಿ ಆಮೇಲೆ ಸೇರಿಕೊಳ್ಳುತ್ತವೆ. ಆದರೆ 'ಅವನು ಮುಖ ತಿರುಗಿಸಿದ' ಎಂಬುದಕ್ಕೆ ಸದ್ದಿಲ್ಲ. ಅದನ್ನು ಕೆಲವೊಮ್ಮೆ ಹೊಸ ಮಾತು ಸೇರಿಸಿ ಸೂಚಿಸುತ್ತಾರೆ, ಹೆಚ್ಚಾಗಿ ಸ್ವಗತಕ್ಕೆ ಒಪ್ಪಿಸುತ್ತಾರೆ. ಈ ಸ್ವಗತವೇ ಧ್ವನಿನಟರ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಎದುರಿಗಿರುವವನೊಡನೆ ಆಡುವ ಮಾತಿಗೆ ಕೋಣೆಯ ಅಳತೆಯಿರುತ್ತದೆ, ದೂರವಿರುತ್ತದೆ, ತೋರಿಕೆಯಿರುತ್ತದೆ. ಸ್ವಗತಕ್ಕೆ ಕೋಣೆಯೇ ಇಲ್ಲ. ನಟ ಮೈಕಿಗೆ ಹತ್ತಿರವಾಗಿ, ಗಾಳಿಯ ಒತ್ತಡ ಇಳಿಸಿ, ತನಗೆ ತಾನೇ ಹೇಳಿಕೊಳ್ಳುವ ದನಿಯಲ್ಲಿ ನುಡಿಯುತ್ತಾನೆ. ಜೋರಾಗಿ 'ನನಗೇನೂ ಆಗಿಲ್ಲ' ಎಂದ ಮರುಕ್ಷಣದಲ್ಲಿ ಅದೇ ಕಂಠ ಕೇಳುಗರ ತಲೆಯೊಳಗೇ ಕುಳಿತಂತೆ 'ಹೋಗಬೇಡ' ಎನ್ನುತ್ತದೆ. ಎರಡು ದನಿಗಳ ನಡುವಿನ ಈ ಅಂತರದಲ್ಲೇ ಪಾತ್ರ ಮೂಡುತ್ತದೆ.

ಹೊರಗಿನವರಿಗೆ ಕುತೂಹಲವೂ ಮುಜುಗರವೂ ಹುಟ್ಟಿಸುವುದು ಆಪ್ತ ದೃಶ್ಯಗಳು. ಅಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಕುಶಲತೆಯ ಬಗ್ಗೆ ಗೌರವವೇ ಹುಟ್ಟುತ್ತದೆ. ಇಬ್ಬರು ನಟರು ಅಕ್ಕಪಕ್ಕದ ಮೈಕುಗಳ ಮುಂದೆ ನಿಂತಿರುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಮುಖ ತಿರುಗಿದರೆ ದನಿಯೂ ಮೈಕಿನಿಂದ ತಿರುಗಿಹೋಗುತ್ತದೆ. ಹಸ್ತಪ್ರತಿಯ ಹಾಳೆ ಮಗುಚುವಾಗ ಸದ್ದಾಗಬಾರದು. ಮುತ್ತಿನ ಸದ್ದು ಬೇಕಾದಾಗ ನಟ ತನ್ನದೇ ಕೈಯ ಹಿಂಬದಿಗೋ ಬೆರಳಿಗೋ ತುಟಿಯೊತ್ತಿ ಅದನ್ನು ಹೊರಡಿಸುತ್ತಾನೆ. ದಿಂಬಿನಲ್ಲಿ ಮುಖ ಹುದುಗಿಸಿದವನ ಮಾತಾದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಈ ಸದ್ದು ಹೊರಡಿಸುವುದಷ್ಟೇ ಆಗಿದ್ದರೆ ಅದು ಬರಿಯ ಕೈಚಳಕವಾಗುತ್ತಿತ್ತು. ಮುತ್ತಿಗೆ ಮೊದಲು ತಡೆದುಕೊಂಡ ಉಸಿರು, ಮುತ್ತಿನ ನಂತರ ಅರ್ಧಕ್ಕೆ ಬಿಟ್ಟ ಉಸಿರು, ಆ ಉಸಿರಿನ ಮೇಲೆಯೇ ತೇಲಿ ಬರುವ ಮುಂದಿನ ಮಾತಿನ ಮೊದಲ ಅಕ್ಷರ, ಇಷ್ಟೂ ಒಂದೇ ಎಳೆಯಾಗಿರಬೇಕು. ಒಬ್ಬನ ಉಸಿರಾಟ ಏರುವಾಗ ಇನ್ನೊಬ್ಬನದು ಅದಕ್ಕೆ ತಾಳ ಹಿಡಿಯಬೇಕು. ಇಬ್ಬರು ಹಾಡುಗಾರರು ಶ್ರುತಿ ಕೂಡಿಸುವಂತೆ ಇಬ್ಬರು ನಟರು ಇಲ್ಲಿ ಉಸಿರು ಕೂಡಿಸುತ್ತಾರೆ. ಅವರು ಪರಸ್ಪರ ಮುಟ್ಟಿರುವುದಿಲ್ಲ, ನೋಡಿರುವುದೂ ಇಲ್ಲ. ಕೇಳುಗರಿಗೆ ಮಾತ್ರ ಅವರ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ.

ಇಬ್ಬರೂ ಒಟ್ಟಿಗೆ ನಿಂತು ಮುದ್ರಿಸಿದ್ದಕ್ಕೂ ಒಬ್ಬೊಬ್ಬರೇ ಬಂದು ತಮ್ಮ ಭಾಗ ನುಡಿದು ಹೋದದ್ದಕ್ಕೂ ವ್ಯತ್ಯಾಸವಿದೆ ಎಂದು ಪಳಗಿದ ಕೇಳುಗರು ಹೇಳುವುದು ಇದೇ ಕಾರಣಕ್ಕೆ. ಕೊರೋನಾ ಕಾಲದಲ್ಲಿ ಒಂದೇ ಕೊಠಡಿಯಲ್ಲಿ ಗುಂಪುಗೂಡುವುದು ಕಷ್ಟವಾದಾಗ ಜಪಾನಿನ ಧ್ವನಿಮುದ್ರಣ ಬಹುಮಟ್ಟಿಗೆ ಸಣ್ಣ ಗುಂಪುಗಳಲ್ಲೋ ಬಿಡಿಬಿಡಿಯಾಗಿಯೋ ನಡೆಯಿತು. ಇತರ ಪ್ರಕಾರಗಳಿಗೆ ಅದೊಂದು ಅನನುಕೂಲ; ಉಸಿರಿಗೆ ಉಸಿರು ಉತ್ತರಿಸಬೇಕಾದ ಈ ಪ್ರಕಾರಕ್ಕೆ ಅದು ಮರ್ಮಕ್ಕೇ ತಗಲುವ ಪೆಟ್ಟು.

ಜಪಾನಿ ಭಾಷೆ ತಾನಾಗಿಯೇ ನಟರಿಗೆ ಕೊಡುವ ಸಲಕರಣೆಗಳೂ ಬಹಳ. 'ನಾನು' ಎನ್ನಲು ಗಂಡಸಿಗೆ ಅಲ್ಲಿ ಹಲವು ಪದಗಳಿವೆ: 'ವಾತಾಶಿ' ಎಂದರೆ ಶಿಷ್ಟ, 'ಬೊಕು' ಎಂದರೆ ಮೆತ್ತನೆಯ ಸೌಜನ್ಯ, 'ಒರೆ' ಎಂದರೆ ಒರಟು ಸಲುಗೆ. ಎದುರಿನವನನ್ನು 'ಅನಾತಾ' ಎನ್ನುತ್ತಾನೋ 'ಕಿಮಿ' ಎನ್ನುತ್ತಾನೋ 'ಒಮಾಎ' ಎನ್ನುತ್ತಾನೋ ಎಂಬುದರಲ್ಲಿ ಅವರ ಸಂಬಂಧದ ನಕ್ಷೆಯೇ ಇದೆ. ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುತ್ತಿದ್ದವನು ಮೊದಲ ಬಾರಿ ಬರಿಯ ಹೆಸರು ಹಿಡಿದು ಕರೆಯುವ ಗಳಿಗೆಗಾಗಿ ಕೇಳುಗರು ಎರಡು ಸಿಡಿಗಳಷ್ಟು ಕಾಯುವುದುಂಟು. ಇದರ ಬೆಲೆ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಬನ್ನಿ' ಎನ್ನುತ್ತಿದ್ದವರು 'ಬಾ' ಎಂದ ದಿನ ಏನಾಯಿತೆಂದು ಬಹುವಚನ ಏಕವಚನಗಳಲ್ಲಿ ಬದುಕುವ ನಮಗೆ ಗೊತ್ತು. ಇಂಗ್ಲಿಷ್ ಅನುವಾದದಲ್ಲಿ ಉದುರಿಹೋಗುವ ಈ ಸೂಕ್ಷ್ಮ ನಮ್ಮ ಕಿವಿಗೆ ನೇರವಾಗಿ ದಾಟುತ್ತದೆ. ಧ್ವನಿನಟನ ಜಾಣ್ಮೆ ಇರುವುದು ಆ ಒಂದು ಪದವನ್ನು ಎತ್ತಿ ತೋರಿಸದೆ, ಬಾಯಿ ತಪ್ಪಿ ಬಂತೇನೋ ಎಂಬಂತೆ ಜಾರಿಸಿಬಿಡುವುದರಲ್ಲಿ.

ಈಗ ಕೇಳುಗರ ಸ್ಥಾನದ ಬಗ್ಗೆ ಹೇಳಬೇಕು, ಏಕೆಂದರೆ ದನಿಯ ಸೆಳೆತದ ಅರ್ಧ ಗುಟ್ಟು ಅಲ್ಲಿದೆ. ಜಪಾನಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ತಯಾರಾಗುವ ಇನ್ನೊಂದು ಬಗೆಯ ಸಿಡಿಗಳಿವೆ. ಅವನ್ನು ಸಿಚುಯೇಶನ್ ಸಿಡಿ ಎನ್ನುತ್ತಾರೆ. ಅದರಲ್ಲಿ ನಟ ಒಬ್ಬನೇ, ಅವನು ಮಾತಾಡುವುದು ನೇರವಾಗಿ ಕೇಳುಗಳ ಜೊತೆ. ಮನುಷ್ಯನ ತಲೆಯ ಆಕಾರದಲ್ಲಿದ್ದು ಎರಡು ಕಿವಿಗಳಲ್ಲೂ ಮೈಕಿರುವ ಡಮ್ಮಿ ಹೆಡ್ ಎಂಬ ಸಾಧನವನ್ನು ಅಲ್ಲಿ ಬಳಸುತ್ತಾರೆ. ಜರ್ಮನಿಯ ನೋಯ್ಮನ್ ಕಂಪನಿಯ ಕೆಯು 100 ಅಂಥದ್ದು. ನಟ ಅದರ ಎಡಗಿವಿಯ ಬಳಿ ಪಿಸುಗುಟ್ಟಿದರೆ ಕೇಳುಗಳ ಎಡಗಿವಿಯಲ್ಲೇ ಪಿಸುಗುಟ್ಟಿದಂತಾಗುತ್ತದೆ. ಆ ತಂತ್ರವನ್ನು ಬಿಎಲ್ ನಾಟಕಗಳೂ ಆಗೀಗ ಎರವಲು ಪಡೆಯುತ್ತವೆ. ಆದರೆ ಬಿಎಲ್ ಸಿಡಿಯ ಮೂಲ ನಿಲುವು ಬೇರೆ: ಅಲ್ಲಿ ಯಾರೂ ಕೇಳುಗಳನ್ನು ಉದ್ದೇಶಿಸಿ ಮಾತಾಡುವುದಿಲ್ಲ. ಅವಳು ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಫುಜೋಶಿ ಎಂದು ತಮ್ಮನ್ನು ಕರೆದುಕೊಳ್ಳುವ ಬಿಎಲ್ ಅಭಿಮಾನಿಗಳ ಬಾಯಲ್ಲಿ ಒಂದು ಮಾತು ನಲಿಯುತ್ತಿರುತ್ತದೆ, 'ಗೋಡೆಯಾಗಿಬಿಡಬೇಕು' ಎಂದು. ಗೋಡೆಗೂ ಕಿವಿಯುಂಟು ಎಂಬ ಗಾದೆ ನಮ್ಮಲ್ಲಿರುವಂತೆ ಜಪಾನಿನಲ್ಲೂ ಇದೆ. ಈ ಹೆಣ್ಣುಮಕ್ಕಳು ಆ ಗಾದೆಯಲ್ಲಿದ್ದ ಎಚ್ಚರಿಕೆಯನ್ನೇ ಆಸೆಯಾಗಿ ತಿರುಗಿಸಿಕೊಂಡಿದ್ದಾರೆ.

ಗೋಡೆಯಾಗುವುದರಲ್ಲಿ ಏನು ಸುಖ ಎಂದು ಕೇಳಬಹುದು. ಗೋಡೆಯನ್ನು ಯಾರೂ ಅಳೆಯುವುದಿಲ್ಲ. ಹೆಣ್ಣು ಗಂಡಿನ ಪ್ರೇಮಕಥೆಯನ್ನು ಕೇಳುವಾಗ ಕೇಳುಗಳು ಬಯಸಲಿ ಬಿಡಲಿ ನಾಯಕಿಯ ಜಾಗಕ್ಕೆ ತನ್ನನ್ನು ಹೋಲಿಸಿಕೊಳ್ಳುವಂತಾಗುತ್ತದೆ: ನಾನಾಗಿದ್ದರೆ ಹೀಗೆ ಉತ್ತರಿಸುತ್ತಿದ್ದೆನೇ, ನನ್ನನ್ನು ಯಾರಾದರೂ ಹೀಗೆ ನೋಡುತ್ತಿದ್ದರೇ ಎಂದು. ಇಬ್ಬರೂ ಗಂಡಸರೇ ಆದ ಕಥೆಯಲ್ಲಿ ಆ ಹೊರೆ ಇಳಿಯುತ್ತದೆ. ಅವಳು ಬೇಕಾದಾಗ ಪ್ರೀತಿಸುವವನ ಉಸಿರಿನಲ್ಲಿರಬಹುದು, ಬೇಕಾದಾಗ ಪ್ರೀತಿಸಿಕೊಳ್ಳುವವನ ಉಸಿರಿನಲ್ಲಿರಬಹುದು, ಎರಡೂ ಬೇಡವೆನಿಸಿದಾಗ ಗೋಡೆಯಾಗಿ ನಿಲ್ಲಬಹುದು. ಚಿತ್ರದಲ್ಲಿ ಈ ಓಡಾಟ ಅಷ್ಟು ಸಲೀಸಲ್ಲ, ಏಕೆಂದರೆ ಚಿತ್ರಕ್ಕೆ ಯಾವಾಗಲೂ ಒಂದು ನೋಟದ ಕೋನವಿರುತ್ತದೆ. ದನಿಗೆ ಕೋನವಿಲ್ಲ. ಅದು ಎರಡೂ ಕಿವಿಗಳಿಂದ ಒಳಗೆ ಬಂದು, ಯಾರದೆಂದು ಕೇಳದೆ, ಕೇಳುಗಳ ಉಸಿರಾಟಕ್ಕೇ ತಗಲಿಕೊಳ್ಳುತ್ತದೆ.

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಗಂಡಸಿನ ದನಿ ಬಿರಿಯುವುದನ್ನು ಕೇಳುವ ಅವಕಾಶ ನಮಗೆ ಎಷ್ಟು ಸಿಗುತ್ತದೆ? ಅಪ್ಪಂದಿರು, ಅಣ್ಣಂದಿರು, ಗಂಡಂದಿರು ಅಳುವ ಮೊದಲೇ ಎದ್ದು ಹೊರಗೆ ಹೋಗುತ್ತಾರೆ. ಜನಪ್ರಿಯ ಕಥೆಗಳಲ್ಲೂ ಗಂಡು ದನಿಗೆ ಮೀಸಲಾದದ್ದು ಅಪ್ಪಣೆ, ಅಬ್ಬರ, ಹಾಸ್ಯ, ಹೆಚ್ಚೆಂದರೆ ವೀರನ ಕೊನೆಯ ಮಾತು. ಬಿಎಲ್ ಧ್ವನಿನಾಟಕದಲ್ಲಿ ಗಂಡಸು ಹಿಂಜರಿಯುತ್ತಾನೆ, ಅಸೂಯೆಪಡುತ್ತಾನೆ, ಬೇಡುತ್ತಾನೆ, ಬೇಡಿದ್ದಕ್ಕೆ ನಾಚುತ್ತಾನೆ, ಒಂದು ವಾಕ್ಯ ಮುಗಿಸಲಾರದೆ ನಿಲ್ಲಿಸುತ್ತಾನೆ. ಅನಿಮೆಯಲ್ಲಿ ಸೇನಾಪತಿಯಾಗಿಯೂ ಖಳನಾಯಕನಾಗಿಯೂ ಕೇಳಿ ಪರಿಚಯವಾದ ಕಂಠವೇ ಇಲ್ಲಿ ಹಾಗೆ ನಿಲ್ಲಿಸಿದಾಗ ಅದರ ಪರಿಣಾಮ ಇಮ್ಮಡಿಯಾಗುತ್ತದೆ.

ನಾಕಾಮುರಾ ಅಸುಮಿಕೊ ಅವರ 'ದೋಕ್ಯೂಸೇಯ್' ಇದಕ್ಕೆ ಒಳ್ಳೆಯ ನಿದರ್ಶನ. ಹುಡುಗರ ಪ್ರೌಢಶಾಲೆಯೊಂದರಲ್ಲಿ ಸಮೂಹಗಾನದ ಅಭ್ಯಾಸ ನಡೆಯುತ್ತಿರುತ್ತದೆ. ಓದಿನಲ್ಲಿ ಮುಂದಿರುವ ಸಾಜೋ ಹಾಡುತ್ತಿಲ್ಲ ಎಂಬುದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಕುಸಾಕಾಬೆಗೆ ಕಾಣುತ್ತದೆ. ಸೋಮಾರಿತನವೋ ಜಂಭವೋ ಎಂದುಕೊಳ್ಳುತ್ತಾನೆ. ಆಮೇಲೊಂದು ದಿನ ಖಾಲಿ ತರಗತಿಯಲ್ಲಿ ಅದೇ ಸಾಜೋ ಒಬ್ಬನೇ ಕುಳಿತು ಹಾಡು ಕಲಿಯಲು ಯತ್ನಿಸುತ್ತಿರುವುದು ಅವನ ಕಿವಿಗೆ ಬೀಳುತ್ತದೆ. ಪ್ರೇಮ ಆರಂಭವಾಗುವುದೇ ಹೀಗೆ, ಯಾರಿಗೂ ಕೇಳಿಸಬಾರದೆಂದು ಹಾಡಿದ ದನಿ ಒಬ್ಬನಿಗೆ ಕೇಳಿಸಿದ್ದರಿಂದ. ಧ್ವನಿನಾಟಕದಲ್ಲಿ ಸಾಜೋ ಆದವರು ನೊಜಿಮಾ ಕೆಂಜಿ, ಕುಸಾಕಾಬೆ ಆದವರು ಕಾಮಿಯಾ ಹಿರೋಶಿ. 'ಶಿಂಗೆಕಿ ನೊ ಕ್ಯೋಜಿನ್' ಅನಿಮೆಯಲ್ಲಿ ಲೀವಾಯ್ ಎಂಬ ಕಠಿಣ ಸೈನಿಕನ ತಣ್ಣನೆಯ, ಅಂಚು ಕತ್ತರಿಸಿದಂಥ ಮಾತು ಕೇಳಿದವರಿಗೆ ಆ ದನಿ ಕಾಮಿಯಾ ಅವರದೇ ಎಂದು ಗೊತ್ತು. ಅದೇ ಗಂಟಲು ಇಲ್ಲಿ, ಪ್ರೀತಿಗೆ ಬಿದ್ದ ಹದಿಹರೆಯದ ಹುಡುಗನದಾಗುತ್ತದೆ. ನೊಜಿಮಾ ಅವರ ಸಾಜೋ ತನ್ನ ದನಿಗೇ ಹೆದರುವ ಹುಡುಗ: ಪದದ ಕೊನೆ ಉಸಿರಿನಲ್ಲಿ ಕರಗುತ್ತದೆ, ಸ್ವರ ಏರಬೇಕಾದಲ್ಲಿ ಏರುವ ಧೈರ್ಯ ಸಾಲದೆ ಹಿಂದೆ ಸರಿಯುತ್ತದೆ. 2016ರಲ್ಲಿ ಈ ಕಥೆ ಅನಿಮೆ ಚಲನಚಿತ್ರವಾದಾಗ ಇದೇ ಇಬ್ಬರು ನಟರನ್ನು ಉಳಿಸಿಕೊಂಡರು. 'ಸಾಎಜುರು' 2020ರಲ್ಲಿ ತೆರೆಗೆ ಬಂದಾಗಲೂ ಯಾಶಿರೋ ಪಾತ್ರಕ್ಕೆ ಸಿಡಿಯ ಶಿಂಗಾಕಿ ತಾರುಸುಕೆಯವರೇ, ದೋಮೆಕಿಗೆ ಹತಾನೊ ಅವರೇ. ವರ್ಷಗಟ್ಟಲೆ ಸಿಡಿಯಲ್ಲಿ ಕೇಳಿದ ದನಿ ಅಭಿಮಾನಿಗಳ ಪಾಲಿಗೆ ಆ ಪಾತ್ರದ್ದೇ ಸ್ವಂತ ದನಿಯಾಗಿಬಿಟ್ಟಿರುತ್ತದೆ.

ಪಾತ್ರ ಹಂಚಿಕೆಯಲ್ಲಿ ಒಂದು ಹಳೆಯ ವ್ಯಾಕರಣವಿದೆ. ಪ್ರೇಮದಲ್ಲಿ ಮುಂದುವರಿಯುವವನನ್ನು 'ಸೆಮೆ' ಎಂದೂ ಸ್ವೀಕರಿಸುವವನನ್ನು 'ಉಕೆ' ಎಂದೂ ಬಿಎಲ್ ಕಥೆಗಳು ಕರೆಯುತ್ತವೆ. ಹಳೆಯ ಸಿಡಿಗಳಲ್ಲಿ ಸೆಮೆಯ ದನಿ ತಗ್ಗಿನಲ್ಲಿ, ನಿಧಾನವಾಗಿ, ಉಕೆಯ ದನಿ ಎತ್ತರದಲ್ಲಿ, ಚಡಪಡಿಸುತ್ತಾ ಇರುವುದು ರೂಢಿ. ಸೆಮೆ ಪಾತ್ರಗಳಿಂದ ಈ ಪ್ರಕಾರದಲ್ಲಿ ದೊಡ್ಡ ಹೆಸರು ಗಳಿಸಿದವರು ಮೊರಿಕಾವಾ ತೋಶಿಯುಕಿ. 1967ರಲ್ಲಿ ಹುಟ್ಟಿದ, 'ಫೈನಲ್ ಫ್ಯಾಂಟಸಿ' ಆಟದ ಸೆಫಿರೋತ್‌ಗೂ ಟಾಮ್ ಕ್ರೂಸ್ ಚಿತ್ರಗಳ ಜಪಾನಿ ಅವತರಣಿಕೆಗಳಿಗೂ ದನಿ ಕೊಟ್ಟ ಈ ನಟನನ್ನು ಅಭಿಮಾನಿಗಳು ಬಿಎಲ್ ಲೋಕದ 'ತೇಯ್‌ಓ', ಅಂದರೆ ಚಕ್ರವರ್ತಿ, ಎಂದು ಕರೆಯುತ್ತಾರೆ. ಇಂಥ ತಗ್ಗಿನ ದನಿ ಕೇಳಿದಾಗ 'ಕಿವಿ ಬಸಿರಾಯಿತು' ಎನ್ನುವುದು ಜಪಾನಿ ಅಭಿಮಾನಿಗಳ ಬಾಯಲ್ಲಿ ನಿಂತ ಮಾತು. ಮೊರಿಕಾವಾ ಅವರ ನಟನೆಯಲ್ಲಿ ನನಗೆ ಹಿಡಿಸುವುದು ತಗ್ಗಿನ ಸ್ವರವಲ್ಲ, ಅಂಥ ಭದ್ರವಾದ ದನಿ ಒಂದು ವಾಕ್ಯದ ಕೊನೆಯಲ್ಲಿ ತನ್ನ ಭದ್ರತೆಯನ್ನು ಬಿಟ್ಟುಕೊಡುವ ಬಗೆ.

ಈಚಿನ ವರ್ಷಗಳಲ್ಲಿ ಆ ವ್ಯಾಕರಣ ಸಡಿಲವಾಗಿದೆ, ಒಳ್ಳೆಯದೇ ಆಯಿತು. ಸಾಕುರಾಬಿ ಹಾಶಿಗೊ ಅವರ 'ದಾಕಾರೆತಾಯ್ ಒತೊಕೊ ಇಚಿಇ ನಿ ಒದೊಸಾರೆತೆ ಇಮಾಸು' ಎಂಬ ಕಥೆಯಲ್ಲಿ ಐದು ವರ್ಷ ಸತತವಾಗಿ ಜನಪ್ರಿಯತೆಯ ಮೊದಲ ಸ್ಥಾನದಲ್ಲಿದ್ದ ನಟ ತಾಕಾತೊನನ್ನು ಕಿರಿಯ ನಟ ಅಜುಮಾಯಾ ಕೆಳಗಿಳಿಸುತ್ತಾನೆ, ಆಮೇಲೆ ಅವನ ಬೆನ್ನು ಬೀಳುತ್ತಾನೆ. ಸಿಡಿಯಲ್ಲೂ 2018ರ ಅನಿಮೆಯಲ್ಲೂ ತಾಕಾತೊ ಆದವರು ತಾಕಾಹಾಶಿ ಹಿರೊಕಿ, ಅಜುಮಾಯಾ ಆದವರು ಒನೊ ಯೂಕಿ. ಇಲ್ಲಿ ಸೆಮೆಯಾದ ಕಿರಿಯನದು ಜನರೆದುರು ಬಿಸಿಲಿನಂತೆ ತೆರೆದ, ನಗು ತುಂಬಿದ ದನಿ. ಬಾಗಿಲು ಮುಚ್ಚಿದಾಗ ಅದೇ ದನಿ ಮೆಲ್ಲಗೆ ಕೆಳಗಿಳಿಯುತ್ತದೆ, ನಗು ಉಳಿದಿರುತ್ತದೆ, ಅದರ ಅರ್ಥ ಬದಲಾಗಿರುತ್ತದೆ. ಹಿರಿಯನ ಮಾತಿನಲ್ಲಿ ಗತ್ತಿದೆ, ಆ ಗತ್ತು ಎಡವುವುದರಲ್ಲೇ ಹಾಸ್ಯವೂ ಕರುಣೆಯೂ ಇದೆ. ಕಥೆಯ ಇಬ್ಬರೂ ನಟರೇ ಆದ್ದರಿಂದ ಧ್ವನಿನಟರು ನಟನೆಯೊಳಗಿನ ನಟನೆಯನ್ನು ನಿಭಾಯಿಸಬೇಕು: ಈ ಮಾತು ತೋರಿಕೆಯದೋ ನಿಜವೋ ಎಂದು ಕೇಳುಗಳು ದನಿಯ ಬಣ್ಣದಿಂದಲೇ ಪತ್ತೆ ಹಚ್ಚುತ್ತಾ ಹೋಗುತ್ತಾಳೆ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹಳೆಯ ಬಿಎಲ್ ಕಥೆಗಳಲ್ಲಿ 'ಬೇಡ' ಎಂಬ ಮಾತನ್ನು ಅಲಂಕಾರದಂತೆ ಬಳಸಿ ಬಲವಂತವನ್ನೇ ಪ್ರೇಮವೆಂದು ತೋರಿಸಿದ್ದು ಸಾಕಷ್ಟಿದೆ. ಪುಟದ ಮೇಲೆ ಕಣ್ಣು ಹಾಯಿಸಿ ದಾಟಿಬಿಡಬಹುದಾದ ಆ ದೃಶ್ಯ ದನಿಯಲ್ಲಿ ಬಂದಾಗ ದಾಟಲಾಗುವುದಿಲ್ಲ. ನಟ ಎಷ್ಟು ಸಮರ್ಥನೋ ಅಷ್ಟು ಕಷ್ಟ. ಅಂಥ ಸಿಡಿಗಳನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೇನೆ. ತಮ್ಮ ಬದುಕನ್ನು ಇತರರ ಕಲ್ಪನೆಯ ಸರಕಾಗಿಸಲಾಗಿದೆ ಎಂದು ಸಲಿಂಗಿ ಗಂಡಸರ ಕಡೆಯಿಂದಲೂ ಆಕ್ಷೇಪ ಬಂದಿದೆ. 1992ರಲ್ಲಿ ಸತೋ ಮಸಾಕಿ ಅವರು ಒಂದು ಸ್ತ್ರೀವಾದಿ ಕಿರುಪತ್ರಿಕೆಯಲ್ಲಿ ಬರೆದ ಟೀಕೆಯಿಂದ ಜಪಾನಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆ ಆಕ್ಷೇಪದಲ್ಲಿ ಹುರುಳಿದೆ. ಈಚಿನ ಕಥೆಗಳಲ್ಲಿ ಒಬ್ಬ ಇನ್ನೊಬ್ಬನನ್ನು ಕೇಳುವ, ಕಾಯುವ, ಉತ್ತರ ಬಂದ ಮೇಲೆ ಮುಂದುವರಿಯುವ ದೃಶ್ಯಗಳು ಹೆಚ್ಚಾಗಿವೆ. ಅವು ದನಿಗೆ ಹೆಚ್ಚು ಒಗ್ಗುತ್ತವೆ ಕೂಡ: 'ಆಗಬಹುದೇ' ಎಂಬ ಪ್ರಶ್ನೆಗೂ 'ಹೂಂ' ಎಂಬ ಉತ್ತರಕ್ಕೂ ನಡುವಿನ ಮೌನಕ್ಕಿಂತ ಬಿಗಿಯಾದ ನಾಟಕ ಯಾವ ಬಲವಂತದಲ್ಲೂ ಇಲ್ಲ.

ನಟರ ಹೆಸರಿನ ವಿಷಯವೂ ಗಮನಿಸಬೇಕಾದದ್ದು. ವಯಸ್ಕರ ಕಂಪ್ಯೂಟರ್ ಆಟಗಳಿಗೆ ದನಿ ಕೊಡುವಾಗ ಜಪಾನಿನ ಧ್ವನಿನಟರು ಬೇರೆ ಹೆಸರು ಇಟ್ಟುಕೊಳ್ಳುವ ಪದ್ಧತಿಯಿದೆ. ಬಿಎಲ್ ಸಿಡಿಗಳಲ್ಲಿ ಹಾಗಲ್ಲ. ಬಹುಮಟ್ಟಿಗೆ ಅವರು ತಮ್ಮ ಪ್ರಸಿದ್ಧ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತಾರೆ, ಆ ಹೆಸರುಗಳನ್ನು ನೋಡಿಯೇ ಸಿಡಿ ಖರೀದಿಯಾಗುತ್ತದೆ. ಕೇಳುಗರ ಪಾಲಿಗೆ ನಟ ಯಾವ ಪಾತ್ರದಿಂದ ಯಾವ ಪಾತ್ರಕ್ಕೆ ಬಂದ, ಯಾರ ಜೊತೆ ಜೋಡಿಯಾದ, ಮೊದಲು ಉಕೆಯಾಗಿದ್ದವನು ಈಗ ಸೆಮೆಯಾದಾಗ ದನಿ ಎಲ್ಲಿ ತಿರುಗಿತು ಎಂಬ ಇತಿಹಾಸವೇ ಒಂದು ಆಸ್ತಿ. ವರ್ಷದ ಉತ್ತಮ ಬಿಎಲ್ ಕೃತಿಗಳನ್ನು ಓದುಗರು ಆರಿಸುವ ಬಿಎಲ್ ಅವಾರ್ಡ್‌ನಲ್ಲಿ ಧ್ವನಿನಟರಿಗೂ ಒಂದು ವಿಭಾಗವಿದೆ. ಟೋಕಿಯೊದ ಇಕೆಬುಕುರೊದಲ್ಲಿ, ಸನ್‌ಶೈನ್ ಸಿಟಿಯ ಬಳಿ ಒತೊಮೆ ರೋಡ್ ಎಂದು ಕರೆಯುವ ಬೀದಿಯ ಸುತ್ತಮುತ್ತಲ ಅಂಗಡಿಗಳಲ್ಲಿ ಈ ಸಿಡಿಗಳ ಕಪಾಟುಗಳೇ ಇವೆ; ಅನಿಮೇಟ್‌ನಂಥ ಮಳಿಗೆಯಲ್ಲಿ ಕೊಂಡರೆ ಹೆಚ್ಚುವರಿಯಾಗಿ ಒಂದು ಪುಟ್ಟ ಸಿಡಿ ಸಿಗುವುದೂ ಉಂಟು. ಈಗ ಪೋಕೆಡೊರಾದಂಥ ತಾಣಗಳಲ್ಲಿ ಡಿಜಿಟಲ್ ರೂಪದಲ್ಲೂ ಕೊಳ್ಳಬಹುದು. ಇಂಗ್ಲಿಷಿನಲ್ಲಾಗಲಿ ಬೇರೆ ಭಾಷೆಗಳಲ್ಲಾಗಲಿ ಅಧಿಕೃತ ಅನುವಾದ ಅಪರೂಪ. ಹೊರದೇಶದ ಕೇಳುಗರು ಮಾಂಗಾವನ್ನು ಮೊದಲು ಓದಿಕೊಂಡು, ಪುಟ ತೆರೆದಿಟ್ಟುಕೊಂಡು ಕೇಳುತ್ತಾರೆ. ನಾನು ಕಲಿತದ್ದೂ ಹಾಗೆಯೇ. ಭಾಷೆ ಅರ್ಧಂಬರ್ಧ ತಿಳಿಯುತ್ತಿದ್ದ ದಿನಗ‍ಳಲ್ಲಿ ಮಾತಿಗಿಂತ ಮೊದಲು ಅರ್ಥವಾಗುತ್ತಿದ್ದುದು ತಡವರಿಕೆ.

ಅನೇಕ ಸಿಡಿಗಳಲ್ಲಿ ನಾಟಕ ಮುಗಿದ ಮೇಲೆ, ಇಲ್ಲವೇ ಜೊತೆಗೆ ಕೊಡುವ ಪುಟ್ಟ ಸಿಡಿಯಲ್ಲಿ, ಫ್ರೀ ಟಾಕ್ ಎಂಬ ಭಾಗವಿರುತ್ತದೆ. ನಟರು ತಮ್ಮ ಹೆಸರು ಹೇಳಿ, ತಾವು ಮಾಡಿದ ಪಾತ್ರದ ಹೆಸರು ಹೇಳಿ, ಮುದ್ರಣ ಹೇಗಾಯಿತೆಂದು ಹರಟುತ್ತಾರೆ. ಈಗಷ್ಟೇ 'ಹೋಗಬೇಡ' ಎಂದು ಪಿಸುಗುಟ್ಟಿದ ಗಂಟಲು ಕೆಮ್ಮಿ ಸರಿಮಾಡಿಕೊಳ್ಳುತ್ತದೆ, ಒಂದು ಮೆಟ್ಟಿಲು ಮೇಲೇರಿದ ನಿತ್ಯದ ಸ್ವರದಲ್ಲಿ ಸಹನಟನಿಗೆ 'ಒತ್ಸುಕಾರೆಸಾಮಾ' ಎಂದು ದಣಿವಿನ ವಂದನೆ ಹೇಳುತ್ತದೆ, ಯಾವುದೋ ಒಂದು ಮಾತಿಗೆ ಇಬ್ಬರೂ ಗಟ್ಟಿಯಾಗಿ ನಗುತ್ತಾರೆ. ಆ ನಗು ಕೇಳಿದ ಮೇಲೆ ನಾನು ಎಷ್ಟೋ ಸಲ ಹಿಂದಿನ ಟ್ರ್ಯಾಕಿಗೆ ಮರಳಿ, ಅದೇ ಗಂಟಲು ಒಂದು ಪದದ ಅರ್ಧದಲ್ಲಿ ನಿಂತುಹೋಗುವ ಆ ಎರಡು ಸೆಕೆಂಡುಗಳನ್ನು ಇನ್ನೊಮ್ಮೆ ಹಾಕಿ ಕೇಳಿದ್ದೇನೆ.